ನೀಲಿ ಟೋಪಿಯ ಗಂಟು

"ಅಣ್ಣಾ, ಈ ಟೋಪಿ ದಾರ ಸ್ವಲ್ಪ ಕಟ್ಟಿಕೊಡಿ. ಗದ್ದದ ಕೆಳಗಿನ ಗಂಟು ನನಗೆ ಕಾಣಲ್ಲ," ಎಂದು ಅರಮನೆಯ ಬಾಗಿಲಲ್ಲಿ ತಾರುಹಿ ಓಕಿಮಾರೊನ ಮುಂದೆ ಗದ್ದ ಎತ್ತಿ ನಿಂತ. ಅವನ ತಲೆಯ ಮೇಲೆ ಹೊಸ ಪದವಿಯ ನೀಲಿ ರೇಷ್ಮೆ ಟೋಪಿ. ಓಕಿಮಾರೊನದು ಪದವಿಯಲ್ಲಿ ಎಷ್ಟೋ ಮೆಟ್ಟಿಲು ಕೆಳಗಿನ ಬಿಳಿ ಟೋಪಿ.

ಪದವಿ ಕೊಡಬೇಕಾದ್ದು ಕುಲ ನೋಡಿ ಅಲ್ಲ, ಯೋಗ್ಯತೆ ನೋಡಿ ಎಂದು ಕನ್‌ಫ್ಯೂಷಿಯಸ್‌ನ ಹೆಸರೆತ್ತಿ ಆಸ್ಥಾನದಲ್ಲಿ ಗಂಟಲು ಹರಿದುಕೊಂಡವನು ಓಕಿಮಾರೊನೇ. ಆ ಯೋಗ್ಯತೆ ತನ್ನದೇ ಎಂದುಕೊಂಡಿದ್ದ. ಈಗ ನೋಡಿದರೆ ಕಡಲಾಚೆಯಿಂದ ಬಂದ ನೇಕಾರರ ಮಗ, ತನ್ನ ಹತ್ತಿರವೇ ಅಕ್ಷರ ಕಲಿತವನು, ಇವತ್ತು ತನಗಿಂತ ಮುಂದೆ ನಿಂತು ಅರಸಿಗೆ ತಲೆಬಾಗಲಿದ್ದಾನೆ.

ಓಕಿಮಾರೊ ದಾರ ಹಿಡಿದು, ನೋಡುವುದಕ್ಕೆ ಬಿಗಿಯಾಗಿ ಕಾಣುವ, ಬಗ್ಗಿದರೆ ಬಿಚ್ಚಿಕೊಳ್ಳುವ ಗಂಟು ಹಾಕಿದ. ಅರಸಿಯ ಮುಂದೆ ತಲೆ ಬರಿದಾದವನ ಮಾನ ಅಲ್ಲಿಗೇ ಮುಗಿದಂತೆ.

"ಆಯ್ತು, ಹೋಗಪ್ಪಾ ದೊಡ್ಡ ಮನುಷ್ಯ," ಎಂದ.

ತಾರುಹಿ ಹೋಗಲಿಲ್ಲ. "ನೀವು ಅಷ್ಟು ಬಡಿದಾಡದೆ ಇದ್ದಿದ್ರೆ ನಾನು ಇವತ್ತೂ ಮಗ್ಗದ ಮುಂದೆನೇ ಕೂತಿರ್ತಿದ್ದೆ. ಅರಸಿಗಿಂತ ಮೊದಲ ನಮಸ್ಕಾರ ನಿಮಗೆ," ಎಂದು ಸೊಂಟ ಬಗ್ಗಿಸಿದ.

ನೀಲಿ ಟೋಪಿ ಓಕಿಮಾರೊನ ಪಾದದ ಬಳಿ ಬಿತ್ತು.

"ಥೂ, ನನ್ನ ತಲೆಗೇ ಇದು ಒಗ್ತಿಲ್ಲ ನೋಡಿ," ಎಂದು ತಾರುಹಿ ನಗುತ್ತ ಧೂಳು ಕೊಡವಿದ. ಟೋಪಿ ಇಟ್ಟುಕೊಂಡು ಮತ್ತೆ ಗದ್ದ ಎತ್ತಿದ. "ನೀವೇ ಕಟ್ಟಿ ಅಣ್ಣಾ. ಇಲ್ಲಿ ಬೇರೆ ಯಾರನ್ನೂ ನಾನು ನಂಬಲ್ಲ."