ನಡುದೋಣಿ

ಮೊಬೈಲ್ ಟವರ್‌ಗಳು ಹಾಳಾಗಿ ಹೋದ ಮೇಲೆ ಕಡಲಲ್ಲಿ ಮಾತು ದೋಣಿಯಿಂದ ದೋಣಿಗೆ, ಫೋನಿನಿಂದ ಫೋನಿಗೆ ದಾಟುತ್ತದೆ. ನಡುವಿನ ದೋಣಿ ಕದಲಿದರೆ ಮಾತು ಕಡಿಯುತ್ತದೆ. ಹಾಗಾಗಿ ನಡುವೆ ನಿಂತವನಿಗೆ ಆ ದಿನ ಮೀನಿಲ್ಲ. ಅಂದು ಬಚ್ಚ ಖಾರ್ವಿಯ ಸರದಿ.

ಆಚೆ ತುದಿಯಲ್ಲಿ ಸುಕ್ರನ ದೋಣಿ. ಇಬ್ಬರಿಗೂ ಎರಡು ವರ್ಷದಿಂದ ಮಾತಿಲ್ಲ. ಸುಕ್ರನ ತಮ್ಮನಿಗೆ ಕಡಲಹಾವು ಕಚ್ಚಿತ್ತು. ದಡದ ಡಾಕ್ಟರ ಮಾತು ಬಚ್ಚನ ಫೋನನ್ನು ಹಾದು ಅಲ್ಲಿಗೆ ತಲುಪುತ್ತಿತ್ತು.

ಅಷ್ಟರಲ್ಲಿ ತೆಂಕಲಲ್ಲಿ ಬಂಗುಡೆ ಮೀನಿನ ಹಿಂಡು ಹೊಳೆಯಿತು.

"ಹ್ವಾಯ್ ಅಣ್ಣ, ಹೋಪ! ಅವ ನಿಮ್ಮತ್ರ ಮಾತೂ ಆಡುದಿಲ್ಲ," ಎಂದ ಬಚ್ಚನ ದೋಣಿಯಲ್ಲಿ ಬಲೆ ಹಿಡಿದಿದ್ದ ಮಾಧವ.

"ನನ್ಹತ್ರ ಆಡುದ್ ಬ್ಯಾಡ ಮರಾಯ. ಡಾಕ್ಟ್ರ ಹತ್ರ ಆಡ್ಲಿ," ಎಂದು ಬಚ್ಚ ಲಂಗರು ಇಳಿಸಿದ.

ಹಿಂಡು ಹೋಯಿತು. ಸುಕ್ರನ ತಮ್ಮ ಬದುಕುಳಿದ.

ಸರದಿ ಎರಡು ದಿನದ್ದು; ಮರುದಿನವೂ ಬಚ್ಚನದೇ. ಹೋಗಿ ನೋಡಿದರೆ, ನಡುದೋಣಿಯ ಆ ಜಾಗದಲ್ಲಿ ಆಗಲೇ ಲಂಗರು ಹಾಕಿ, ಬಲೆ ಮಡಚಿಟ್ಟು, ಸುಕ್ರ ಇವನಿಗೆ ಬೆನ್ನು ತಿರುಗಿಸಿ ಕೂತಿದ್ದ.