ರೈಡರ್ ಹಾಕಿದ ಷರತ್ತು

ಒಳಗಿನ ಮಾತನ್ನು ಹೊರಗೆ ಹೇಳುತ್ತಿದ್ದೇನೆ, ಕ್ಷಮಿಸಿ. ನಾನು ಕಬಡ್ಡಿ ತಂಡವೊಂದರ ಕಚೇರಿಯಲ್ಲಿ ಒಪ್ಪಂದಪತ್ರ ಟೈಪು ಮಾಡುವವನು.

ಹಳೆಯ ಒಪ್ಪಂದ ಮುಗಿದಿದ್ದ ನಮ್ಮ ಹೆಸರಾಂತ ರೈಡರ್ ಮಾಲೀಕರೆದುರು ಕಾಲ ಮೇಲೆ ಕಾಲು ಹಾಕಿ ಕುಳಿತ.

"ನೋಡಿ ಸಾರ್, ನಾನಿಲ್ದಿದ್ರೆ ನಿಮ್ಮ ತಂಡನ ನಾಯಿನೂ ಮೂಸಲ್ಲ. ಕೇಳಿದಷ್ಟು ಕೊಡಿ. ಇಲ್ಲಾಂದ್ರೆ ಬೇರೆ ತಂಡ ಸೇರಿ ನಿಮ್ಮನ್ನೇ ಸೋಲಿಸ್ತೀನಿ."

"ಆಯ್ತಪ್ಪ. ಮತ್ತೇನು?"

"ಇಡೀ ಲೀಗಲ್ಲಿ ನನ್ನ ಹಿಡಿಯೋನು ಆ ತಿಪ್ಪೇಶ ಒಬ್ನೇ. ಮೊದಲು ಅವನನ್ನ ನಮ್ಮ ತಂಡಕ್ಕೆ ತಗೊಳ್ಳಿ. ಆಮೇಲೆ ನನ್ನ ಸಹಿ."

ಮರುದಿನ ತಿಪ್ಪೇಶ ಸಹಿ ಹಾಕಿ ಹೋದ. ರೈಡರ್ ಪೆನ್ನಿಗೆ ಕೈ ಚಾಚಿದ. ಮಾಲೀಕರು ಪೆನ್ನನ್ನು ಜೇಬಿಗಿಟ್ಟುಕೊಂಡರು.

"ನಿನ್ನ ಹಿಡಿಯೋನು ಈಗ ನಮ್ಮಲ್ಲಿದಾನೆ. ಇನ್ನು ನೀನು ಯಾವ ತಂಡಕ್ಕೆ ಹೋದ್ರೂ ನಮಗೇನಪ್ಪ?"

ಆಮೇಲೆ ಅವನನ್ನು ಯಾವ ತಂಡ ಕರೆಯಿತೋ, ನನಗೆ ತಿಳಿದಿಲ್ಲ.