ಕೆಂಪು ಬಲ್ಬು

ಹೊಲಿಗೆ ಮಿಷನ್ನಿನ ಎದುರು ಗೋಡೆಯ ಕೆಂಪು ಬಲ್ಬು ಪಕ್ಕನೆ ಹೊತ್ತಿತು. ಯಾರಾದರೂ ಬಾಗಿಲ ಬೆಲ್ ಒತ್ತಿದರೆ ಸೊಸೆಯ ಕಣ್ಣಿಗೆ ಕಾಣಲಿ ಅಂತ ಎಲೆಕ್ಟ್ರಿಷಿಯನ್ ಮೈದುನ ಈಗಷ್ಟೇ ಕೂರಿಸಿದ ಬಲ್ಬು ಅದು. ಅವಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಹನ್ನೊಂದು ವರ್ಷ ತಾವೇ ಬಾಗಿಲು ತೆಗೆದ ಅಭ್ಯಾಸದಿಂದ ಅತ್ತೆ ಮಂಡಿ ಹಿಡಿದುಕೊಂಡು ಏಳಹೊರಟರು. ಸೊಸೆ ಅಂಗೈ ತೋರಿಸಿ ಅವರನ್ನು ಅಲ್ಲೇ ಕೂರಿಸಿ, ಅರ್ಧ ಹೊಲಿದ ಅಂಗಿಯನ್ನು ಸೂಜಿಯಡಿಯಲ್ಲೇ ಬಿಟ್ಟು ಓಡಿದಳು.

ಬಾಗಿಲಲ್ಲಿ ಮೈದುನ ಹಲ್ಲು ಕಿರಿದು ನಿಂತಿದ್ದ. ಅವಳು ಅವನ ಮುಖದ ಮೇಲೇ ಬಾಗಿಲು ಹಾಕಿ, ಮಿಷನ್ನಿನ ಮುಂದೆ ಬಂದು ಕೂತು ಬಲ್ಬನ್ನೇ ನೋಡತೊಡಗಿದಳು. ಬಲ್ಬು ಮತ್ತೆ ಹೊತ್ತಿತು, ಅವಳು ಮತ್ತೆ ಓಡಿದಳು. ಆರನೇ ಸಲಕ್ಕೆ ಮೈದುನ, "ನನ್ನ ಬಿಟ್ಬಿಡಿ ಅತ್ತಿಗೆ, ಬೇರೆ ಮನೆಗಳೂ ಇವೆ," ಅಂತ ಕೈಮುಗಿದು ಚೀಲ ಹೆಗಲಿಗೇರಿಸಿದ.

ಸೊಸೆ ಮಾತ್ರ ಬಲ್ಬು ನೋಡುತ್ತಲೇ ಕೂತಳು. ಅತ್ತೆಗೆ ಯಾಕೋ ಒಳಗೊಳಗೇ ಕಸಿವಿಸಿ. ಇಷ್ಟು ವರ್ಷ ಗಿರಾಕಿಗಳು ಬಂದಾಗಲೆಲ್ಲ ಬಾಗಿಲು ತೆಗೆದವರು ಅವರೇ, "ತೋಳು ಸ್ವಲ್ಪ ಸಡಿಲ ಇರಲಿ ಅಂತ ಹೇಳಿ," ಅನ್ನಿಸಿಕೊಂಡವರೂ ಅವರೇ. ಹೊಲಿಯುವವಳನ್ನು ಯಾರೂ ಮಾತಾಡಿಸಿದ್ದಿಲ್ಲ. ಅವರು ಮೆಲ್ಲಗೆ ಎದ್ದರು. ಕಿವಿ ಕೇಳಿಸದ ಸೊಸೆಯ ಹಿಂದೆ ಕಳ್ಳಹೆಜ್ಜೆ ಇಡುತ್ತಿದ್ದೇನಲ್ಲ ಅಂತ ತಮಗೇ ನಗು ಬಂತು. ಹಿಂಬಾಗಿಲಿಂದ ಹೊರಬಿದ್ದು, ಮನೆ ಸುತ್ತಿ ಬಂದು ಬೆಲ್ ಒತ್ತಿದರು.

ಒಳಗೆ ಧಡಧಡ ಹೆಜ್ಜೆ. ಬಾಗಿಲು ತೆರೆಯಿತು. ಅತ್ತೆ ಏದುಸಿರು ಬಿಡುತ್ತಲೇ, ಅವಳಿಗೆ ತುಟಿ ಓದಲು ಬರುವಂತೆ ಒಂದೊಂದೇ ಅಕ್ಷರ ಬಿಡಿಸಿ ಕೇಳಿದರು: "ಟೈಲರಮ್ಮ ಇದ್ದಾರಾ?"